ಗುನ್ಮ ಸೀಮೆಯ ರೇಷ್ಮೆ: ಬೆಳೆದವರೇ ನೂಲು ತೆಗೆದ ಕಥೆ

ನಂದಿನಿ ಲೇಔಟಿನ ನಮ್ಮ ಮಾರಾಟ ಮಳಿಗೆಗೆ ಕಾಫಿಪುಡಿಗೆಂದು ಬರುವ ಸದಸ್ಯ ಬಾಂಧವರು ಈಚೆಗೆ ಮೇಜಿನ ಮೇಲಿರುವ ಒಂದು ಕೆಂಪು ಗೊಂಬೆಯನ್ನು ನೋಡಿ ವಿಚಾರಿಸುತ್ತಿದ್ದಾರೆ. ಗೊಂಬೆಗೆ ಕೈಕಾಲುಗಳಿಲ್ಲ. ತೆಂಗಿನಕಾಯಿಯಂತೆ ದುಂಡಗಿದೆ, ಹುಬ್ಬು ಮೀಸೆಗಳು ದಪ್ಪ, ಕಣ್ಣುಗಳ ಪೈಕಿ ಒಂದಕ್ಕೆ ಮಾತ್ರ ಕಪ್ಪು ಬೊಟ್ಟು ಇಟ್ಟಿದೆ. ಎಷ್ಟು ಸಲ ಉರುಳಿಸಿದರೂ ಎದ್ದು ಕುಳಿತುಕೊಳ್ಳುತ್ತದೆ. ಇದನ್ನು ತಂದುಕೊಟ್ಟವರು ಕೊಪ್ಪದ ಕಡೆಯ ನಮ್ಮ ಹಳೆಯ ಸದಸ್ಯರೊಬ್ಬರ ಮಗ. ಪೀಣ್ಯದ ಯಂತ್ರ ಕಾರ್ಖಾನೆಯೊಂದರಲ್ಲಿ ಕೆಲಸ, ಮನೆ ಇಲ್ಲೇ ಹತ್ತಿರ. ತರಬೇತಿಗೆಂದು ಜಪಾನಿನ ಗುನ್ಮ ಪ್ರಾಂತ್ಯದ ಓಟಾ ಎಂಬ ಊರಿನಲ್ಲಿ ಆರು ತಿಂಗಳಿದ್ದು ಬಂದರು.

ಬಂದವರು ಒಂದು ಸಂಗತಿ ಹೇಳಿದರು. ಅಲ್ಲಿ ಅನ್ನಕ ಎಂಬ ಊರಿನಲ್ಲಿ ಹಳೆಯ ಮರದ ಕಟ್ಟಡವೊಂದನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರಂತೆ. ಅರಮನೆಯಲ್ಲ, ದೇವಸ್ಥಾನವಲ್ಲ, ರೇಷ್ಮೆ ಬೆಳೆಗಾರರ ಸಂಘವೊಂದರ ಕಚೇರಿ. "ನಮ್ಮ ತಂದೆಯವರು ಅಡಿಕೆ ಹಾಕುವ ಸಂಘದ ಕಚೇರಿಯ ಹಾಗೇ ಕಂಡಿತು ಸಾರ್" ಎಂದರು. ಆ ಮಾತು ನಮ್ಮನ್ನು ಹಿಡಿದುಕೊಂಡಿತು. ಜಪಾನಿನ ಆ ರೇಷ್ಮೆ ಸೀಮೆಗೂ ಬೆಂಗಳೂರಿನ ಈ ಪಶ್ಚಿಮ ಭಾಗಕ್ಕೂ ನೂರೈವತ್ತು ವರ್ಷಕ್ಕೆ ಮೀರಿದ ನಂಟುಂಟು. ಕಾಫಿ ಅಡಿಕೆ ಬೆಳೆಯುವ ನಮಗೆ ರೇಷ್ಮೆಯ ಸುದ್ದಿ ಏಕೆ ಎಂದು ಕೇಳುವವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಕೆಂಗೇರಿಗೆ ಬಂದ ಜಪಾನಿ ಮೊಟ್ಟೆ

ನಮ್ಮ ಮಳಿಗೆಯಿಂದ ಹೊರವರ್ತುಲ ರಸ್ತೆ ಹಿಡಿದು ಸುಮನಹಳ್ಳಿ, ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆಗೆ ತಿರುಗಿದರೆ ಕೆಂಗೇರಿ. ಈಗ ಅಲ್ಲಿ ಮೆಟ್ರೋ ರೈಲೂ ಬಡಾವಣೆಗಳೂ ಆಗಿವೆ. ಆದರೆ 1866ರ ಸುಮಾರಿಗೆ ಡಿ ವೆಕ್ಕಿ ಎಂಬ ಇಟಲಿಯವರೊಬ್ಬರು ಅಲ್ಲಿ ಹಿಪ್ಪುನೇರಳೆ ಬೆಳೆಸಿ ರೇಷ್ಮೆಹುಳು ಸಾಕುವ ಪ್ರಯೋಗ ನಡೆಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರು ಬಿಟ್ಟಿದ್ದ ಮೈಸೂರು ಸೀಮೆಯ ರೇಷ್ಮೆ ಆ ಹೊತ್ತಿಗೆ ರೋಗದಿಂದ ನೆಲಕಚ್ಚಿತ್ತು. ಹುಳುಗಳು ಹಣ್ಣಾಗುವ ಮೊದಲೇ ಸಾಯುತ್ತಿದ್ದವು. ಡಿ ವೆಕ್ಕಿಯವರು ಹೊಸ ಮೊಟ್ಟೆ ತರಿಸಿದ್ದು ಜಪಾನಿನಿಂದ.

ಇಟಲಿಯವರು ಮೈಸೂರಿಗೆ ಜಪಾನಿನ ಮೊಟ್ಟೆ ತರಿಸಬೇಕಾಗಿ ಬಂದದ್ದೇಕೆ? ಆ ದಶಕದಲ್ಲಿ ಯೂರೋಪಿನ ರೇಷ್ಮೆಯೂ ಪೆಬ್ರಿನ್ ರೋಗದಿಂದ, ಅಂದರೆ ನಮ್ಮ ರೇಷ್ಮೆ ಬೆಳೆಗಾರರು ಗಂಟುರೋಗ ಎನ್ನುವುದರಿಂದ, ಹಾಳಾಗಿತ್ತು. ಫ್ರಾನ್ಸಿನ ಲೂಯಿ ಪಾಶ್ಚರ್ ಈ ರೋಗದ ಬೆನ್ನು ಹತ್ತಿದ್ದು 1865ರಲ್ಲಿ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವ ಕ್ರಮ ಅವರಿಂದ ಬಂತು. ಅಲ್ಲಿಯವರೆಗೆ ರೋಗ ತಗಲದ ಮೊಟ್ಟೆ ಸಿಗುತ್ತಿದ್ದ ನಂಬಿಕೆಯ ಜಾಗ ಜಪಾನ್. 1859ರಲ್ಲಿ ಯೊಕೊಹಾಮ ಬಂದರು ಹೊರದೇಶಗಳಿಗೆ ತೆರೆದ ಮೇಲೆ, ಕಾಗದದ ಹಾಳೆಗಳ ಮೇಲೆ ಇಡಿಸಿದ ಮೊಟ್ಟೆಗಳು ಹಡಗುಗಟ್ಟಲೆ ಇಟಲಿ, ಫ್ರಾನ್ಸುಗಳಿಗೆ ಹೋದವು. ಹಾಗೆ ಹೊರಟ ಮೊಟ್ಟೆಯ ಒಂದು ಪಾಲು ಕೆಂಗೇರಿಗೂ ಬಂತು. ಪ್ರಯೋಗ ಬಹುಕಾಲ ನಿಲ್ಲಲಿಲ್ಲ. ತಣ್ಣನೆಯ ನಾಡಿನ ಹುಳು ಇಲ್ಲಿಯ ಸೆಕೆಗೆ ಒಗ್ಗಲಿಲ್ಲ. ಮೊಟ್ಟೆ ಬಂದರೆ ಸಾಲದು, ಅದನ್ನು ಸಾಕುವ ಬುದ್ಧಿಯೂ ಜೊತೆಗೆ ಬರಬೇಕು. ಆ ಬುದ್ಧಿ ಇದ್ದದ್ದು ಗುನ್ಮದಂಥ ಸೀಮೆಗಳ ರೈತರ ಮನೆಯ ಅಟ್ಟದಲ್ಲಿ.

ಗಾಳಿಯ ನಾಡು, ಹೆಂಗಸರ ನಾಡು

ಗುನ್ಮ ಪ್ರಾಂತ್ಯವು ಟೋಕಿಯೋ ನಗರಕ್ಕೆ ವಾಯವ್ಯದಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಸಮುದ್ರವಿಲ್ಲ. ವಿಸ್ತೀರ್ಣದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಸ್ವಲ್ಪ ಕಿರಿದು. ಮೂರು ಕಡೆ ಬೆಟ್ಟ. ಅಕಾಗಿ, ಹರುನ, ಮ್ಯೋಗಿ ಎಂಬ ಮೂರು ಪರ್ವತಗಳ ಹೆಸರನ್ನು ಅಲ್ಲಿಯ ಮಕ್ಕಳು ನಮ್ಮ ಮಕ್ಕಳು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎಂದಂತೆ ಹೇಳುತ್ತಾರೆ. ಪಶ್ಚಿಮದ ಗಡಿಯಲ್ಲಿ ಅಸಾಮ ಎಂಬ ಜ್ವಾಲಾಮುಖಿ. 1783ರಲ್ಲಿ ಅದು ಸಿಡಿದು ಹಳ್ಳಿಗಳೇ ಮುಚ್ಚಿಹೋದವು, ಹಿಂದೆಯೇ ಕ್ಷಾಮ ಬಂತು. ಮಣ್ಣು ಬಹುಪಾಲು ಜ್ವಾಲಾಮುಖಿಯ ಬೂದಿ. ನೀರು ನಿಲ್ಲದ್ದರಿಂದ ಗದ್ದೆಗೆ ಒಳ್ಳೆಯದಲ್ಲ, ಹಿಪ್ಪುನೇರಳೆಗೆ ಒಳ್ಳೆಯದು. ಚಳಿಗಾಲದಲ್ಲಿ ಬೆಟ್ಟದಿಂದಿಳಿದು ಬೀಸುವ ಒಣಗಾಳಿಗೆ 'ಕರಕ್ಕಜೆ' ಎಂದು ಹೆಸರು.

ಈ ಗಾಳಿಯ ಜೊತೆಗೆ ಗುನ್ಮಕ್ಕೆ ಇನ್ನೊಂದು ಪ್ರಸಿದ್ಧಿ ಇದೆ: 'ಕಕಾ ದೆಂಕ', ಅಂದರೆ ಮನೆಯಲ್ಲಿ ಹೆಂಡತಿಯದೇ ಆಳ್ವಿಕೆ. ಹೊರಗಿನವರು ಇದನ್ನು ನಗೆಗೆ ಹೇಳುತ್ತಾರೆ. ಸಂಗತಿ ನಗೆಯದಲ್ಲ. ಹುಳು ಸಾಕುವುದು, ನೂಲು ತೆಗೆಯುವುದು, ಬಟ್ಟೆ ನೇಯುವುದು ಹೆಂಗಸರ ಕೆಲಸವಾಗಿತ್ತು, ಮನೆಗೆ ನಗದು ಹಣ ಬರುತ್ತಿದ್ದದ್ದು ಅದರಿಂದ. ಹಣ ತರುವ ಕೈಗೆ ಮಾತಿನ ಬಲವೂ ಬಂತು. 2015ರಲ್ಲಿ ಜಪಾನ್ ಸರ್ಕಾರ ನಾಡಿನ ಪರಂಪರೆಗಳ ಪಟ್ಟಿ ಆರಂಭಿಸಿದಾಗ ಗುನ್ಮದ ರೇಷ್ಮೆಯ ಕಥೆಯನ್ನು ಈ 'ಹೆಂಡತಿಯ ಆಳ್ವಿಕೆ' ಎಂಬ ಹೆಸರಿನಲ್ಲೇ ಸೇರಿಸಿಕೊಂಡಿತು. ಅಡಿಕೆ ಸುಲಿಯುವ, ಕಾಫಿ ಹಣ್ಣು ಆರಿಸುವ ನಮ್ಮ ಕಡೆಯ ಹೆಂಗಸರ ಕೈಗೆ ಹಣ ಎಷ್ಟು ಸೇರುತ್ತದೆಂಬುದನ್ನು ಸದಸ್ಯರು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಿಕೊಳ್ಳಬಹುದು. ನಾವು ಇಲ್ಲಿ ಹೆಚ್ಚು ಹೇಳುವುದು ಸುರಕ್ಷಿತವಲ್ಲ.

ರೇಷ್ಮೆಹುಳುವನ್ನು ಆ ನಾಡಿನಲ್ಲಿ ಏಕವಚನದಲ್ಲಿ ಕರೆಯುತ್ತಿರಲಿಲ್ಲ. 'ಓ-ಕೈಕೊ-ಸಾಮ' ಎನ್ನುತ್ತಿದ್ದರು, 'ಹುಳುವಿನವರು' ಎಂದಹಾಗೆ. ಮನೆಯ ಮೇಲಂತಸ್ತು ಹುಳುವಿಗೆ, ಕೆಳಗಿನದು ಮನುಷ್ಯರಿಗೆ. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದಷ್ಟೆ? ಇದಕ್ಕೆ ನಮ್ಮ ರಾಮನಗರ, ಶಿಡ್ಲಘಟ್ಟಗಳ ಕಡೆ 'ಜ್ವರ' ಎನ್ನುತ್ತಾರೆ: ಮೊದಲ ಜ್ವರ, ಎರಡನೇ ಜ್ವರ. ಜಪಾನಿಗರು 'ನಿದ್ರೆ' ಎನ್ನುತ್ತಾರೆ, ಪೊರೆ ಬಿಟ್ಟಾದ ಮೇಲೆ ಹುಳು 'ಎದ್ದಿತು' ಎನ್ನುತ್ತಾರೆ. ಉರುಳಿಸಿದರೂ ಏಳುವ ಗೊಂಬೆ ರೇಷ್ಮೆ ಮನೆಗಳಲ್ಲಿ ಶುಭವಾದದ್ದು ಹೀಗೆ. ಅದೇ ನಮ್ಮ ಮೇಜಿನ ಮೇಲಿರುವ ದಾರುಮ. ಹೆಸರು ಬೋಧಿಧರ್ಮನದು, ಕಾಂಚೀಪುರದ ರಾಜಕುಮಾರನೆಂದು ಪ್ರತೀತಿ ಇರುವ ಆ ನಮ್ಮ ದಕ್ಷಿಣದವನೇ. ಗುನ್ಮದ ತಕಾಸಾಕಿ ಎಂಬ ಊರಿನ ದೇವಾಲಯದ ಗುರುವೊಬ್ಬರು, 1783ರ ಆ ಕ್ಷಾಮದ ನಂತರ, ರೈತರಿಗೆ ಬಿಡುವಿನ ಕಾಲದಲ್ಲಿ ನಾಲ್ಕು ಕಾಸು ಹುಟ್ಟಲೆಂದು ಕಾಗದದ ಗೊಂಬೆ ಮಾಡುವ ಅಚ್ಚು ಕೊಟ್ಟರೆಂದು ಹೇಳುತ್ತಾರೆ. ಈಗಲೂ ಜಪಾನಿನ ದಾರುಮಗಳಲ್ಲಿ ಬಹುಪಾಲು ಆ ಊರಿನವೇ. ಹರಕೆ ಹೊತ್ತಾಗ ಒಂದು ಕಣ್ಣು ಬರೆಯುವುದು, ಕೈಗೂಡಿದಾಗ ಇನ್ನೊಂದು.

ಸರ್ಕಾರದ ಕಾರ್ಖಾನೆ

ಜಪಾನಿನ ರೇಷ್ಮೆಯ ಕಥೆ ಹೇಳುವವರು ಸಾಮಾನ್ಯವಾಗಿ ಗುನ್ಮದ ಟೊಮಿಯೋಕ ಕಾರ್ಖಾನೆಯಿಂದ ಆರಂಭಿಸುತ್ತಾರೆ. 1872ರಲ್ಲಿ ಮೇಜಿ ಸರ್ಕಾರ ಪಾಲ್ ಬ್ರೂನಾ ಎಂಬ ಫ್ರೆಂಚ್ ತಜ್ಞರನ್ನು ಇಟ್ಟುಕೊಂಡು ಅದನ್ನು ಕಟ್ಟಿಸಿತು. 300 ಬೇಸಿನ್ನುಗಳು, ಆ ಕಾಲಕ್ಕೆ ಲೋಕದಲ್ಲೇ ಅತ್ಯಂತ ದೊಡ್ಡವುಗಳಲ್ಲಿ ಒಂದು. ಕೆಲಸಕ್ಕೆ ಹುಡುಗಿಯರು ಮಾತ್ರ ಬರಲಿಲ್ಲ. ಫ್ರೆಂಚರು ಕೆಂಪು ದ್ರಾಕ್ಷಾರಸ ಕುಡಿಯುವುದನ್ನು ಕಂಡವರು ಇವರು ಹೆಣ್ಣುಮಕ್ಕಳ ರಕ್ತ ಹೀರುತ್ತಾರೆಂದು ಸುದ್ದಿ ಹಬ್ಬಿಸಿದ್ದರು. ಕೊನೆಗೆ ಅಧಿಕಾರಿ ತನ್ನ ಮಗಳನ್ನೇ ಮೊದಲು ಸೇರಿಸಬೇಕಾಯಿತು. ನೆರೆಯ ಪ್ರಾಂತ್ಯದಿಂದ ಬಂದ ವಾದ ಏಯ್ ಎಂಬ ಹುಡುಗಿ ಅಲ್ಲಿಯ ದಿನಗಳನ್ನು ಕುರಿತು ಮುಂದೆ ನೆನಪುಗಳನ್ನು ಬರೆದಿಟ್ಟಳು. ಅಲ್ಲಿ ಕಲಿತ ಹುಡುಗಿಯರು ಊರಿಗೆ ಮರಳಿ ಇತರರಿಗೆ ಕಲಿಸಿದ್ದು ಆ ಕಾರ್ಖಾನೆಯ ನಿಜವಾದ ಲಾಭ. ಲೆಕ್ಕದ ಪುಸ್ತಕದಲ್ಲಿ ಲಾಭ ಕಂಡ ವರ್ಷಗಳು ಕಡಿಮೆ. 1893ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಮಾರಿತು. 1987ರವರೆಗೆ ಕೆಲಸ ಮಾಡಿ ನಿಂತಿತು. 2014ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಆ ಪರಂಪರೆಯ ಪಟ್ಟಿಯಲ್ಲಿ ಕಾರ್ಖಾನೆಯ ಜೊತೆಗೆ ಇನ್ನೂ ಮೂರು ಜಾಗಗಳಿವೆ. ನಮಗೆ ಕುತೂಹಲವಾದದ್ದು ಅವೇ. ಒಂದು, ತಾಜಿಮ ಯಾಹೇ ಎಂಬ ರೈತನ ಮನೆ. ಹುಳುವಿಗೆ ಗಾಳಿ ಆಡಬೇಕೆಂದು ಮಾಡಿನ ಮೇಲೆ ಇನ್ನೊಂದು ಸಣ್ಣ ಮಾಡು ಏರಿಸಿ ಕಟ್ಟಿದ ಮನೆ. ಎರಡು, ತಕಾಯಾಮ ಎಂಬವರ ಸಾಕಣೆ ಶಾಲೆ. ಗಾಳಿ, ಬೆಂಕಿಯ ಕಾವು ಎರಡನ್ನೂ ಹದವಾಗಿ ಕೂಡಿಸುವ ಕ್ರಮವನ್ನು ಅಲ್ಲಿ ಕಲಿಸಿದರು. ಮೂರು, ಅರಫುನೆ ಎಂಬ ಬೆಟ್ಟದ ಸಂದು. ಬಂಡೆಗಳ ನಡುವಿನಿಂದ ಬೇಸಿಗೆಯಲ್ಲೂ ಬರುವ ತಣ್ಣನೆಯ ಗಾಳಿಯಲ್ಲಿ ಮೊಟ್ಟೆಗಳನ್ನು ಇಟ್ಟು, ವರ್ಷಕ್ಕೆ ಒಂದು ಬೆಳೆಯ ಬದಲು ಹಲವು ಬೆಳೆ ತೆಗೆದರು. ಯಂತ್ರ ಫ್ರಾನ್ಸಿನಿಂದ ಬಂದಿರಬಹುದು. ಈ ಮೂರೂ ಊರವರ ತಲೆಯಿಂದ ಬಂದವು. ತಾಜಿಮರ ಊರಿನವರಂತೂ ಮೊಟ್ಟೆಯ ಕಾಗದಗಳನ್ನು ತಾವೇ ಹೊತ್ತು ಇಟಲಿಗೆ ಹೋಗಿ ಮಾರಿ ಬಂದರು. ನಡುವಿನ ವ್ಯಾಪಾರಿಯನ್ನು ಬಿಟ್ಟು ನೇರ ಮಾರಾಟ! 1879ರ ಮಾತು ಇದು.

ಊಸುಇ ಸಂಘ

ಈಗ ಅನ್ನಕದ ಆ ಮರದ ಕಚೇರಿಗೆ ಬರೋಣ. ಅದು ಊಸುಇ-ಶ ಎಂಬ ಸಂಘದ್ದು. ಸಂಘ ಹುಟ್ಟಿದ್ದು 1878ರಲ್ಲಿ. ಬಹುಕಾಲ ಮುಂದೆ ನಿಂತು ನಡೆಸಿದವರು ಹಗಿವಾರ ರ್ಯೋತಾರೊ.

ಅದಕ್ಕೆ ಮೊದಲು ಏನಾಗುತ್ತಿತ್ತೆಂದರೆ, ರೈತರ ಮನೆಯ ಹೆಂಗಸರು 'ಝಾಗುರಿ' ಎಂಬ ಕೈರಾಟೆಯಲ್ಲಿ ನೂಲು ತೆಗೆದು ಊರಿಗೆ ಬರುವ ದಲ್ಲಾಳಿಗೆ ಕೊಡುತ್ತಿದ್ದರು. ಒಬ್ಬರ ನೂಲು ದಪ್ಪ, ಇನ್ನೊಬ್ಬರದು ತೆಳು. ದಲ್ಲಾಳಿ ಎಲ್ಲವನ್ನೂ ಕಲಸಿ, ತೂಕಕ್ಕೆ ಬೇರೆ ಏನಾದರೂ ಸೇರಿಸಿ ಯೊಕೊಹಾಮಕ್ಕೆ ಸಾಗಿಸುತ್ತಿದ್ದ. ಕೊಳ್ಳುವ ವಿದೇಶಿಯರು ಒಂದೆರಡು ವರ್ಷ ಮೋಸ ಹೋದರು, ಆಮೇಲೆ ಇಡೀ ಸೀಮೆಯ ಸರಕಿಗೇ ದರ ಇಳಿಸಿದರು. ಒಳ್ಳೆಯ ನೂಲು ತೆಗೆದವಳಿಗೂ ಕೆಟ್ಟ ನೂಲಿನ ದರವೇ. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡದೆ ಒಂದೇ ಚೀಲಕ್ಕೆ ಸುರಿದರೆ ಗೊರಬಲಿನ ದರ ಬಾರದೆ ಇನ್ನೇನು ಬಂದೀತು?

ಸಂಘದವರು ರಾಟೆಯನ್ನು ತೆಗೆದುಹಾಕಲಿಲ್ಲ, ಹೆಂಗಸರನ್ನು ಕಾರ್ಖಾನೆಗೆ ಕರೆಯಲಿಲ್ಲ. ನೂಲು ಮನೆಯಲ್ಲೇ ತೆಗೆಯಲಿ ಎಂದರು. ಆದರೆ ತೆಗೆದ ನೂಲನ್ನು ಊರಿನ ಗುಂಪಿನವರ ಸಾಮಾನ್ಯ ಕೊಟ್ಟಿಗೆಗೆ ತರಬೇಕು. ಅಲ್ಲಿ ಚಿಕ್ಕ ರಾಟೆಯಿಂದ ದೊಡ್ಡ ರಾಟೆಗೆ ಮರಳಿ ಸುತ್ತುತ್ತಾರೆ. ಮರುಸುತ್ತಿನಲ್ಲಿ ಕಡಿದ ಎಳೆ, ಗಂಟು, ದಪ್ಪ ತೆಳುಗಳೆಲ್ಲ ಹೊರಬೀಳುತ್ತವೆ. ಪರೀಕ್ಷಕರು ದರ್ಜೆ ಹಾಕುತ್ತಾರೆ. ಒಂದೇ ದರ್ಜೆಯ ಲಡಿಗಳೆಲ್ಲ ಒಂದು ಗಂಟಾಗಿ, ಸಂಘದ ಗುರುತು ಹೊತ್ತು, ಯೊಕೊಹಾಮಕ್ಕೆ ನೇರ ಹೋಗುತ್ತವೆ. ಬಂದ ಹಣ ತೂಕ ಮತ್ತು ದರ್ಜೆಗೆ ತಕ್ಕಂತೆ ಮನೆಮನೆಗೆ ಹಂಚಿಕೆಯಾಗುತ್ತದೆ. ಇಷ್ಟೇ ಉಪಾಯ. 1884ರಲ್ಲಿ ಟೋಕಿಯೋದಿಂದ ತಕಾಸಾಕಿಗೆ ರೈಲು ಬಂದದ್ದು ಅನುಕೂಲವಾಯಿತು. ನೆರೆಯಲ್ಲಿ ಕನ್ರ, ಶಿಮೊನಿತ ಎಂಬ ಹೆಸರಿನ ಇನ್ನೆರಡು ಸಂಘಗಳೂ ಇದೇ ರೀತಿ ಎದ್ದವು. ಜಪಾನಿನಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1900ರಲ್ಲಿ. ಎಂದರೆ ಕಾಯಿದೆಗೆ 22 ವರ್ಷ ಮೊದಲೇ ಈ ರೈತರು ಸಹಕಾರ ಮಾಡುತ್ತಿದ್ದರು.

ತೊಂದರೆಗಳೂ ಇದ್ದವು. ಅಮೆರಿಕದ ನೇಯ್ಗೆ ಕಾರ್ಖಾನೆಗಳು ವೇಗದ ಮಗ್ಗ ಹಾಕಿದ ಮೇಲೆ ಅವರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನೂಲು ಬೇಕಾಯಿತು. ಮನೆಯ ರಾಟೆಗೆ ಅದು ಅಸಾಧ್ಯ. ಸಂಘಗಳು ಯಂತ್ರದ ಬೇಸಿನ್ನುಗಳಿಗೆ ಹೊರಳಬೇಕಾಯಿತು, ಅದಕ್ಕೆ ಬಂಡವಾಳ ಬೇಕಾಯಿತು. ಗೂಡಿನ ಬೆಲೆ ಏರಿದ ವರ್ಷ ಖಾಸಗಿ ಕಾರ್ಖಾನೆಯವರು ಹಳ್ಳಿಗೆ ಬಂದು ಕೈಗೆ ನಗದು ಕೊಟ್ಟು ಗೂಡು ಎತ್ತುತ್ತಿದ್ದರು. ಸಂಘಕ್ಕೆ ಕೊಟ್ಟರೆ ಹಣ ತಡವಾಗಿ ಬರುತ್ತದೆ. ಬೆಲೆ ಬಿದ್ದ ವರ್ಷ ಎಲ್ಲರಿಗೂ ಸಂಘದ ನೆನಪು. ಇದನ್ನು ಓದುವಾಗ ನಮಗೆ ಕಳೆದ ಹಂಗಾಮಿನ ಸದಸ್ಯರ ಸಭೆ ನೆನಪಾಯಿತು. "ಮಂಡಿಯವನು ಕಿಲೋಗೆ ಐದು ರೂಪಾಯಿ ಹೆಚ್ಚಿಗೆ ಕೊಡುವಾಗ ಸಂಘಕ್ಕೇಕೆ ಹಾಕಬೇಕು?" ಎಂದು ಕೇಳಿದ ಸದಸ್ಯರ ಪ್ರಶ್ನೆ ತಪ್ಪಲ್ಲ, ಮಗಳ ಮದುವೆ, ಬ್ಯಾಂಕಿನ ಕಂತು ಕಾಯುವುದಿಲ್ಲ. ಆದರೆ ಆ ಐದು ರೂಪಾಯಿ ಎಲ್ಲಿಂದ ಬಂತೆಂಬುದನ್ನೂ ಕೇಳಬೇಕು. 1970ರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ ಮಂಡಿಗಳಲ್ಲಿ ಕೊಳ್ಳುವವರಿರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಆ ಸಂಕಟದಿಂದ.

ನಮ್ಮಲ್ಲಿಗೆ ಬಂದದ್ದು, ಬಾರದೆ ಉಳಿದದ್ದು

ಕೆಂಗೇರಿಯ ಪ್ರಯೋಗದ ಮೂವತ್ತು ವರ್ಷಗಳ ನಂತರ ಜಪಾನ್ ಮತ್ತೆ ಬೆಂಗಳೂರಿಗೆ ಬಂತು. ಜಮ್‌ಶೆಟ್‌ಜಿ ಟಾಟಾ ಅವರು 1893ರಲ್ಲಿ ಜಪಾನ್ ನೋಡಿ ಬಂದಿದ್ದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದಿಂದ ಜಮೀನು ಪಡೆದು, ಜಪಾನಿನಿಂದ ತಜ್ಞ ದಂಪತಿಗಳನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದರು. ಮುಂದೆ ಅದು ಸಾಲ್ವೇಶನ್ ಆರ್ಮಿಯವರ ವಶಕ್ಕೆ ಹೋಯಿತು. ಬಸವನಗುಡಿಯ ಕಡೆ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಇಂದಿಗೂ ಇದೆ, ಹುಳುಗಳಿಲ್ಲ. ವಿಶ್ವೇಶ್ವರಯ್ಯನವರೂ 1898ರಲ್ಲಿ ಜಪಾನಿಗೆ ಹೋಗಿ ಬಂದರು. ಅವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದಲ್ಲಿ ರೇಷ್ಮೆ ಇಲಾಖೆ ಆರಂಭವಾಯಿತು.

ಆ ಇಲಾಖೆಯಲ್ಲಿ ಯೋನೆಮುರ ಎಂಬ ಜಪಾನಿ ತಜ್ಞರಿದ್ದರು. ಅವರೂ ನವರತ್ನ ರಾಮರಾಯರೂ ಕೂಡಿ ಬರೆದ ರೇಷ್ಮೆ ಕೃಷಿಯ ಇಂಗ್ಲಿಷ್ ಕೈಪಿಡಿ 1925ರಲ್ಲಿ ಸರ್ಕಾರಿ ಮುದ್ರಣಾಲಯದಿಂದ ಬಂತು. 'ಕೆಲವು ನೆನಪುಗಳು' ಓದಿದವರಿಗೆ ರಾಮರಾಯರ ಪರಿಚಯ ಹೇಳಬೇಕಾಗಿಲ್ಲ. ಅವರೂ ರಾಜಾಜಿಯವರೂ ಸೆಂಟ್ರಲ್ ಕಾಲೇಜಿನಲ್ಲಿ ಜೊತೆಯಲ್ಲಿ ಓದಿದ ಸ್ನೇಹಿತರು. ನಂದಿನಿ ಲೇಔಟಿನ ಪಕ್ಕದ ರಾಜಾಜಿನಗರಕ್ಕೆ ಹೆಸರು ಕೊಟ್ಟದ್ದು ಅದೇ ರಾಜಾಜಿ. ಊರುಗಳ ಹೆಸರು ಹಿಡಿದು ಹೋದರೆ ಎಲ್ಲೆಲ್ಲಿಗೋ ತಲುಪುತ್ತೇವೆ.

ಇಲಾಖೆಯ ಕಾಲದಲ್ಲಿ ನಡೆದ ಮುಖ್ಯ ಕೆಲಸ ತಳಿ ಕೂಡಿಸಿದ್ದು. ಜಪಾನಿನ ತೊಯಾಮ ಕಮೆತಾರೊ ಎಂಬ ವಿಜ್ಞಾನಿ 1906ರಲ್ಲಿ, ಎರಡು ತಳಿ ಕೂಡಿಸಿ ಬಂದ ಮೊದಲ ಪೀಳಿಗೆಯ ಹುಳು ತಾಯಿತಂದೆಗಳಿಗಿಂತ ಗಟ್ಟಿ ಎಂದು ತೋರಿಸಿದ್ದರು. ಇಲ್ಲಿ ಅದೇ ದಾರಿಯಲ್ಲಿ ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಜಪಾನಿ ತಳಿಯ ಗಂಡನ್ನು ಕೂಡಿಸಿದರು. ಮೈಸೂರು ತಳಿಗೆ ಸೆಕೆ, ರೋಗ ತಡೆಯುವ ಶಕ್ತಿ ಉಂಟು, ನೂಲು ಕಡಿಮೆ; ಒಂದು ಗೂಡಿನಿಂದ ಸುಮಾರು 400 ಮೀಟರ್. ಜಪಾನಿ ದ್ವಿತಳಿಗೆ ನೂಲು 1000 ಮೀಟರಿನ ಆಸುಪಾಸು, ಪೋಷಣೆ ಕಷ್ಟ. ಎರಡೂ ಕೂಡಿದ ಮಿಶ್ರತಳಿಯೇ ಮುಂದೆ ಹಲವು ದಶಕ ನಮ್ಮ ರೈತರ ಕೈಹಿಡಿಯಿತು. ಕೆಂಗೇರಿಯಲ್ಲಿ ನೇರವಾಗಿ ಒಗ್ಗದೆ ಹೋದದ್ದು ಅರ್ಧ ಪಾಲಾಗಿ ಒಗ್ಗಿತು. 1930ರ ದಶಕದಲ್ಲಿ ಮಾತ್ರ ಅದೇ ಜಪಾನಿನ ಅಗ್ಗದ ರೇಷ್ಮೆ ಪೇಟೆಗೆ ನುಗ್ಗಿ ಮೈಸೂರಿನ ಬೆಳೆಗಾರ ಮುಗ್ಗರಿಸಿದ; ಸುಂಕ ಮಂಡಳಿ ವಿಚಾರಣೆ ನಡೆಸಿ 1934ರಲ್ಲಿ ರಕ್ಷಣೆಯ ಸುಂಕ ಬಂತು. ಗುರುವೂ ಅವನೇ, ಪ್ರತಿಸ್ಪರ್ಧಿಯೂ ಅವನೇ. ಮತ್ತೆ 1991ರಿಂದ 2007ರವರೆಗೆ ಜಪಾನ್ ಸರ್ಕಾರದ ನೆರವಿನ ಯೋಜನೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ನಡೆದು, ನಮ್ಮ ಹವೆಗೆ ಹೊಂದುವ ದ್ವಿತಳಿಗಳು ರೈತರ ಮನೆ ಸೇರಿದವು.

ಮೊಟ್ಟೆ ಬಂತು, ಯಂತ್ರ ಬಂತು, ತಜ್ಞರು ಬಂದರು, ಕೈಪಿಡಿ ಬಂತು. ಊಸುಇ ಸಂಘದ ರೀತಿ ಬರಲಿಲ್ಲ. ನಮ್ಮಲ್ಲಿ ಗೂಡು ಬೆಳೆಯುವವರು ಒಂದು ಕಡೆ, ನೂಲು ತೆಗೆಯುವ ರೀಲರುಗಳು ಇನ್ನೊಂದು ಕಡೆ. ಇಬ್ಬರೂ ಎದುರಾಗುವುದು ರಾಮನಗರ, ಶಿಡ್ಲಘಟ್ಟಗಳ ಮಾರುಕಟ್ಟೆಯ ಜಾಲರಿಗಳ ಮುಂದೆ. 1959ರ ಕಾಯಿದೆಯಿಂದ ಗೂಡಿನ ಮಾರಾಟ ಸರ್ಕಾರಿ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನಲ್ಲಿ ಆಗಬೇಕೆಂದಾಯಿತು. ದಲ್ಲಾಳಿಯ ಗುಟ್ಟಿನ ಕೈಸನ್ನೆಗಿಂತ ಅದು ಎಷ್ಟೋ ಮೇಲು, ಸಂಶಯವಿಲ್ಲ. ಆದರೂ ಗೂಡು ಹಣ್ಣಾದ ಮೇಲೆ ಬೆಳೆಗಾರನಿಗೆ ಕಾಯುವ ಶಕ್ತಿ ಇಲ್ಲ. ಚಿಟ್ಟೆ ಹೊರಬಂದರೆ ಗೂಡು ತೂತು. ಅವನಿಗೆ ಆ ದಿನದ ದರವೇ ದರ. ನೂಲಾದ ಮೇಲೆ ವರ್ಷವಾದರೂ ಇಡಬಹುದು, ಆದರೆ ಆಗ ಅದು ಅವನದಲ್ಲ. ಹಸಿ ಅಡಿಕೆ ಕೊಟ್ಟು ಕೈತೊಳೆದುಕೊಳ್ಳುವವರಿಗೂ ಸುಲಿದು ಬೇಯಿಸಿ ಒಣಗಿಸಿ ಇಟ್ಟುಕೊಳ್ಳುವವರಿಗೂ ಇರುವ ವ್ಯತ್ಯಾಸ ಇದೇ.

ಸಂಘ ಉಳಿಯಿತು, ಗಿರಾಕಿ ಹೋದ

ಊಸುಇ ರೀತಿಯನ್ನು ಹೊಗಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. 1929ರ ಸುಮಾರಿಗೆ ಜಪಾನಿನಲ್ಲಿ 22 ಲಕ್ಷ ಮನೆಗಳು ರೇಷ್ಮೆ ಬೆಳೆಯುತ್ತಿದ್ದವು, ಹತ್ತು ರೈತ ಮನೆಗಳಲ್ಲಿ ನಾಲ್ಕರಂತೆ. ಕೊಳ್ಳುವವನು ಬಹುಪಾಲು ಒಬ್ಬನೇ: ಅಮೆರಿಕ. ಅಲ್ಲಿಯ ಪೇಟೆ ಕುಸಿದಾಗ 1930ರಲ್ಲಿ ಗೂಡಿನ ಬೆಲೆಯೂ ಕುಸಿಯಿತು. ಹತ್ತು ವರ್ಷ ಕಳೆಯುವುದರೊಳಗೆ ನೈಲಾನ್ ಬಂತು. ಹೆಂಗಸರ ಕಾಲುಚೀಲಕ್ಕೆ ರೇಷ್ಮೆ ಬೇಡವಾಯಿತು. ಯುದ್ಧ ಬಂದಾಗ ಹಿಪ್ಪುನೇರಳೆ ಕಿತ್ತು ಧಾನ್ಯ, ಗೆಣಸು ಹಾಕಿದರು. ಯುದ್ಧದ ನಂತರ ಕಿಮೋನೋದ ಬೇಡಿಕೆಯಿಂದ ಚೇತರಿಕೆ ಇತ್ತು. 1959ರಲ್ಲಿ ಅನ್ನಕದ ಬಳಿಯ ಬೆಳೆಗಾರರು ಹೊಸದಾಗಿ ಊಸುಇ ಹೆಸರಿನಲ್ಲೇ ನೂಲು ತೆಗೆಯುವ ಸಹಕಾರ ಸಂಘ ಕಟ್ಟಿದರು. ಆಮೇಲೆ ಚೀನಾದ ಅಗ್ಗದ ರೇಷ್ಮೆ, ಕಿಮೋನೋ ಉಡದ ಹೊಸ ಪೀಳಿಗೆ, ಹುಳು ಸಾಕಲು ಬಾರದ ಮಕ್ಕಳು. ಈಗ ಇಡೀ ಜಪಾನಿನಲ್ಲಿ ರೇಷ್ಮೆ ಬೆಳೆಯುವ ಮನೆಗಳು ಇನ್ನೂರಕ್ಕೂ ಕಡಿಮೆ. ಬೇರೆಲ್ಲ ಪ್ರಾಂತ್ಯಗಳಿಗಿಂತ ಹೆಚ್ಚು ಇರುವುದು ಗುನ್ಮದಲ್ಲಿ. ಸದಸ್ಯರೇ ಇಲ್ಲದ ಸಹಕಾರ ಸಂಘ ನಡೆಯುವುದೆಂತು? 2017ರಲ್ಲಿ ಊಸುಇ ಸಂಘ ಕಂಪನಿಯಾಗಿ ಬದಲಾಯಿತು. ಕೆಲಸ ನಿಂತಿಲ್ಲ. ಜಪಾನಿನಲ್ಲಿ ಉಳಿದಿರುವ ಬೆರಳೆಣಿಕೆಯ ನೂಲು ಕಾರ್ಖಾನೆಗಳಲ್ಲಿ ಅದೇ ಮುಖ್ಯವಾದದ್ದು. ಅಳಿದುಳಿದ ಬೆಳೆಗಾರರ ಗೂಡಿನ ಬಹುಪಾಲು ಅಲ್ಲಿಗೇ ಹೋಗುತ್ತದೆ.

ಹಾಗಾದರೆ ಗುನ್ಮದ ರೈತ ಏನಾದ? ಓಟಾದಲ್ಲಿ ವಿಮಾನ, ಆಮೇಲೆ ಕಾರಿನ ಕಾರ್ಖಾನೆಗಳು ಬಂದವು. ಅನೇಕರು ಅಲ್ಲಿಗೆ ಹೋದರು. ಅಸಾಮದ ಮಗ್ಗುಲಿನ ಎತ್ತರದ ತಂಪು ಜಾಗದಲ್ಲಿ ಬೇಸಿಗೆಯ ಎಲೆಕೋಸು ಬೆಳೆದು ಊರುಗಳು ಎದ್ದವು. ಶಿಮೊನಿತದ ಕಡೆ ಕೊನ್ಯಾಕು.

ಈ ಕೊನ್ಯಾಕು ನಮ್ಮ ಸುವರ್ಣಗೆಡ್ಡೆಯ ಹತ್ತಿರದ ನೆಂಟ, ಅದೇ ಕುಲದ ಗೆಡ್ಡೆ. ಹಸಿಯಾಗಿ ತಿಂದರೆ ಗಂಟಲು ತುರಿಸುತ್ತದೆ. ವಸಂತದಲ್ಲಿ ನೆಟ್ಟು, ಚಳಿಗೆ ಮುಂಚೆ ಕಿತ್ತು, ಒಳಗಿಟ್ಟು, ಮರುವರ್ಷ ಮತ್ತೆ ನೆಟ್ಟು, ಎರಡು ಮೂರು ವರ್ಷಕ್ಕೆ ಮಾರುವಷ್ಟಾಗುತ್ತದೆ. ಹೆಚ್ಚಿ ಒಣಗಿಸಿ ಹಿಟ್ಟು ಮಾಡಿ, ನೀರಿನಲ್ಲಿ ಕದಡಿ ಸುಣ್ಣ ಸೇರಿಸಿದರೆ ಅಲುಗಾಡುವ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ರುಚಿ ಇಲ್ಲ, ಪುಷ್ಟಿ ಇಲ್ಲ, ಆದರೂ ಜಪಾನಿಗರಿಗೆ ಬೇಕೇ ಬೇಕು. ಸುಣ್ಣ ಬೆರೆಸಿ ಬಾಯಾಡಿಸುವ, ಹೊಟ್ಟೆ ತುಂಬಿಸದ ಬೆಳೆಯನ್ನೇ ನಂಬಿ ಬದುಕುವ ನಮಗೆ ಇದು ಅಪರಿಚಿತವಲ್ಲ. ಜಪಾನಿನ ಕೊನ್ಯಾಕಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗುನ್ಮದ್ದು. ಅದು ನಿಂತಿರುವುದು ಸುಂಕದ ಗೋಡೆಯ ಆಸರೆಯಲ್ಲಿ. ಆಮದಿನ ಮೇಲಿನ ಸುಂಕ ಬೆಲೆಯ ಹಲವು ಪಟ್ಟು, ಲೋಕದ ವ್ಯಾಪಾರದ ಮಾತುಕತೆಗಳಲ್ಲಿ ಅದು ಗಾದೆಯಂತಾಗಿದೆ. ನಮ್ಮ ಅಡಿಕೆಗೂ 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಿ ಕಟ್ಟಿದ ಗೋಡೆ ಇದೆ. ಗೋಡೆ ಕಟ್ಟುವವರು ದೆಹಲಿಯಲ್ಲಿದ್ದಾರೆ, ಟೋಕಿಯೋದಲ್ಲಿದ್ದಾರೆ. ಶಿಮೊನಿತದಲ್ಲೂ ಇಲ್ಲ, ಶಿರಸಿಯಲ್ಲೂ ಇಲ್ಲ. ಗೋಡೆಯಿಂದ ರೇಷ್ಮೆ ಉಳಿಯಲಿಲ್ಲವೆಂಬುದನ್ನು ಗುನ್ಮದ ರೈತ ಕಣ್ಣಾರೆ ಕಂಡಿದ್ದಾನೆ. ಆದುದರಿಂದಲೇ ಕೊನ್ಯಾಕಿನ ಹಿಟ್ಟನ್ನು ಶಾವಿಗೆಯಾಗಿ, ಅಕ್ಕಿಯಂಥ ಕಾಳಾಗಿ, ಮಕ್ಕಳ ತಿಂಡಿಯಾಗಿ, ತೂಕ ಇಳಿಸುವವರ ಆಹಾರವಾಗಿ ಮಾರುವ ದಾರಿಗಳು ಅಲ್ಲಿ ಬೆಳೆದಿವೆ. ಅಡಿಕೆಯ ಬಾಯಿಗೆ ಹೊರತಾದ ಉಪಯೋಗಗಳ ಬಗ್ಗೆ ಸಭೆಗಳಲ್ಲಿ ನಾವು ಆಡುವ ಮಾತು ಭಾಷಣದ ಮಟ್ಟದಲ್ಲೇ ಹೆಚ್ಚಾಗಿ ಉಳಿದಿದೆ ಎಂದು ಬರೆಯಲು ನಮಗೆ ಸಂಕೋಚವಾಗುತ್ತದೆ, ಆದರೂ ಬರೆದಿದ್ದೇವೆ.

ಗೊಂಬೆಯ ಜೊತೆ ಆ ಯುವಕರು ಒಂದು ಪೊಟ್ಟಣ ಕೊನ್ಯಾಕನ್ನೂ ಕೊಟ್ಟಿದ್ದರು. ಮಳಿಗೆಯಲ್ಲಿ ಕೊಯ್ದು, ಕುದಿಸಿ, ನಮ್ಮ ರೀತಿಯಲ್ಲಿ ಒಗ್ಗರಣೆ ಹಾಕಿ ಹಂಚಿದೆವು. ಅರ್ಧ ಉಳಿಯಿತು. ಶೃಂಗೇರಿ ಕಡೆಯ ಹಿರಿಯ ಸದಸ್ಯರೊಬ್ಬರು ಮಾತ್ರ ಎರಡನೇ ಸಲ ಹಾಕಿಸಿಕೊಂಡು, "ಗೆಡ್ಡೆ ನಮ್ಮ ತೋಟದ ನೆರಳಿಗೆ ಬಂದೀತೇ?" ಎಂದು ಕೇಳಿದರು. ಗೊತ್ತಿದ್ದವರು ಮಳಿಗೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ದಾರುಮನ ಇನ್ನೊಂದು ಕಣ್ಣು ಇನ್ನೂ ಖಾಲಿ ಇದೆ; ಹರಕೆ ಏನೆಂದು ತಂದುಕೊಟ್ಟವರು ಹೇಳಿಲ್ಲ.